ಹಳೆಯ ಕಾರಿಗೆ ಫ್ಯೂಯೆಲ್ ಇಂಜೆಕ್ಷನ್: ಪಂಪಿನ ಆಯ್ಕೆಯನ್ನು ಟ್ಯಾಂಕೇ ನಿರ್ಧರಿಸಿದ ಒಂದು ಪ್ರಕರಣ

ಕಾರು 1970ರ ದಶಕದ್ದು. ಆರು ಸಿಲಿಂಡರಿನ 2.6 ಲೀಟರ್ ಎಂಜಿನ್, ಎರಡು ಕಾರ್ಬುರೇಟರ್, ಎಂಜಿನ್ನಿನ ಕ್ಯಾಮ್‌ಶಾಫ್ಟಿನಿಂದಲೇ ನಡೆಯುವ ಯಾಂತ್ರಿಕ ಪೆಟ್ರೋಲ್ ಪಂಪ್, ಡಿಕ್ಕಿಯ ನೆಲದಡಿ ಚಪ್ಪಟೆಯಾಗಿ ಹರಡಿಕೊಂಡಿರುವ 55 ಲೀಟರಿನ ಟ್ಯಾಂಕ್ – ಇದು ಅದರ ಮೂಲ ವ್ಯವಸ್ಥೆ. ಮಾಲೀಕರು ಕಾರ್ಬುರೇಟರುಗಳನ್ನು ತೆಗೆಸಿ, ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ (ಒತ್ತಡದಲ್ಲಿರುವ ಪೆಟ್ರೋಲನ್ನು ಸಿಂಪಡಿಸುವ ಮೂತಿ) ಇರುವ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಕೂರಿಸಿಕೊಂಡಿದ್ದರು. ಕಾರು ನಮ್ಮಲ್ಲಿಗೆ ಬರುವ ಹೊತ್ತಿಗೆ ಇಂಜೆಕ್ಟರು, ಸೆನ್ಸರು, ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಎಲ್ಲವೂ ಸರಿಯಾಗಿ ಕೂತಿದ್ದವು. ಬಗೆಹರಿಯದೆ ಉಳಿದಿದ್ದು ಪೆಟ್ರೋಲ್ ಪೂರೈಕೆಯ ತಕರಾರು ಮಾತ್ರ.

ಟ್ಯಾಂಕ್ ತುಂಬಿದ್ದು ಹವೆಯೂ ತಂಪಾಗಿದ್ದರೆ ಕಾರು ಚೆನ್ನಾಗಿಯೇ ಓಡುತ್ತಿತ್ತು. ಒಂದು ಗಂಟೆ ಓಡಿದ ಮೇಲೆ ಹಿಂಭಾಗದಿಂದ ಕೀರಲು ಸದ್ದು ಏಳುತ್ತಿತ್ತು, ಏರುದಾರಿಯಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಮುಗ್ಗರಿಸುತ್ತಿತ್ತು. ಟ್ಯಾಂಕಿನಲ್ಲಿ ಕಾಲುಭಾಗ ಪೆಟ್ರೋಲ್ ಇದ್ದಾಗ ಉದ್ದನೆಯ ತಿರುವುಗಳಲ್ಲಿ ಎಂಜಿನ್ ಕ್ಷಣಕಾಲ ಸತ್ತು ಮತ್ತೆ ಎದ್ದುಕೊಳ್ಳುತ್ತಿತ್ತು. ಹಿಂದೆ ಕೆಲಸ ಮಾಡಿದ್ದ ವರ್ಕ್‌ಶಾಪಿನವರು ಇದನ್ನು ಪಂಪಿನ ಶಕ್ತಿ ಸಾಲದ ಲಕ್ಷಣವೆಂದು ಬಗೆದು, ಮೊದಲಿದ್ದ ವಿದ್ಯುತ್ ಪಂಪನ್ನು ತೆಗೆದು, ಗಂಟೆಗೆ 255 ಲೀಟರ್ ಎಂದು ನಮೂದಿಸಿದ್ದ ದೊಡ್ಡ ಇನ್‌ಲೈನ್ ಪಂಪನ್ನು (ಟ್ಯಾಂಕಿನ ಹೊರಗೆ, ಪೈಪಿನ ದಾರಿಯಲ್ಲೇ ಕೂರುವ ಪಂಪು) ಟ್ಯಾಂಕಿನ ಮುಂದಿನ ಚಾಸಿಗೆ ಬಿಗಿದಿದ್ದರು. ಅದರಿಂದ ತೊಂದರೆ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಇದಕ್ಕಿಂತಲೂ ದೊಡ್ಡ ಪಂಪ್ ಬೇಕೇ ಎಂಬುದೇ ಮಾಲೀಕರ ಪ್ರಶ್ನೆಯಾಗಿತ್ತು.

ಹಳೆಯ ವ್ಯವಸ್ಥೆ ಅದೇ ಟ್ಯಾಂಕಿನಿಂದ ದಶಕಗಳ ಕಾಲ ಯಾವ ತಕರಾರೂ ಇಲ್ಲದೆ ಪೆಟ್ರೋಲ್ ಎಳೆದುಕೊಂಡಿತ್ತು ಎಂಬುದನ್ನು ಇಲ್ಲಿ ಮರೆಯಬಾರದು. ಕಾರ್ಬುರೇಟರಿಗೆ ಬೇಕಾಗುವ ಒತ್ತಡ 0.2ರಿಂದ 0.5 ಬಾರ್ ಮಾತ್ರ (1 ಬಾರ್ ಎಂದರೆ 100 ಕಿಲೋಪಾಸ್ಕಲ್). ಅದಕ್ಕಿಂತ ಮುಖ್ಯವಾಗಿ, ಕಾರ್ಬುರೇಟರಿನ ಫ್ಲೋಟ್ ಚೇಂಬರಿನಲ್ಲಿ ಸದಾ ಒಂದಿಷ್ಟು ಪೆಟ್ರೋಲ್ ನಿಂತಿರುತ್ತದೆ. ಪೈಪಿನಲ್ಲಿ ನಾಲ್ಕೈದು ಗುಳ್ಳೆ ಬಂದರೂ, ತಿರುವಿನಲ್ಲಿ ಪಂಪು ಒಂದೆರಡು ಸೆಕೆಂಡು ಗಾಳಿ ಎಳೆದರೂ ಎಂಜಿನ್ನಿಗೆ ಅದರ ಸುಳಿವೇ ಸಿಗುವುದಿಲ್ಲ. ಇಂಜೆಕ್ಷನ್ ವ್ಯವಸ್ಥೆಯಲ್ಲಿ ಇಂಥ ದಾಸ್ತಾನು ಇಲ್ಲ. ಫ್ಯೂಯೆಲ್ ರೈಲಿನಲ್ಲಿ, ಅಂದರೆ ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯಲ್ಲಿ, 3 ಬಾರ್ ಒತ್ತಡ ಸತತವಾಗಿ ಇದೆ ಎಂದು ನಂಬಿಯೇ ಇಸಿಯು ಇಂಜೆಕ್ಟರನ್ನು ಎಷ್ಟು ಮಿಲಿಸೆಕೆಂಡ್ ತೆರೆಯಬೇಕೆಂದು ಲೆಕ್ಕ ಹಾಕುತ್ತದೆ. ಒತ್ತಡ ಕುಸಿದ ಕ್ಷಣದಲ್ಲೇ ಗಾಳಿ-ಪೆಟ್ರೋಲ್ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ತೆಳುವಾಗುತ್ತದೆ, ಎಂಜಿನ್ ಮುಗ್ಗರಿಸುತ್ತದೆ. ಪೂರ್ತಿ ಭಾರದಲ್ಲಿ ಇದು ಪದೇಪದೇ ನಡೆದರೆ ಪಿಸ್ಟನ್ನಿಗೂ ವಾಲ್ವಿಗೂ ಅಪಾಯ. ಹೀಗಾಗಿ ಕಾರ್ಬುರೇಟರ್ ಸಹಿಸಿಕೊಂಡಿದ್ದ ಟ್ಯಾಂಕಿನ ದೋಷಗಳೆಲ್ಲ ಇಂಜೆಕ್ಷನ್ ಬಂದ ಕೂಡಲೇ ಮೇಲೆದ್ದು ಬರುತ್ತವೆ.

ಪರೀಕ್ಷೆಯಲ್ಲಿ ಕಂಡದ್ದು

ಮೊದಲು ಫ್ಯೂಯೆಲ್ ರೈಲಿಗೆ ಒತ್ತಡದ ಗೇಜನ್ನು ಜೋಡಿಸಿ, ಅದನ್ನು ಮುಂದಿನ ಗಾಜಿನ ಹೊರಬದಿಯಲ್ಲಿ ವೈಪರಿನಡಿ ಸಿಕ್ಕಿಸಿ ಕಾರನ್ನು ಓಡಿಸಲಾಯಿತು. (ಪೆಟ್ರೋಲ್ ತುಂಬಿದ ಗೇಜನ್ನು ಯಾವ ಕಾರಣಕ್ಕೂ ಕಾರಿನ ಒಳಗೆ ತರಬಾರದು.) ತಣ್ಣಗಿದ್ದಾಗ ಮುಳ್ಳು 3 ಬಾರಿನ ಮೇಲೆ ಅಲುಗದೆ ನಿಂತಿತ್ತು. ಕಾರು ಬಿಸಿಯಾದ ಮೇಲೆ, ಕೀರಲು ಸದ್ದು ಶುರುವಾಗುವುದಕ್ಕೂ ಸ್ವಲ್ಪ ಮುಂಚೆಯೇ, ಮುಳ್ಳು ಸಣ್ಣಗೆ ನಡುಗತೊಡಗಿತು, ಏರಿನಲ್ಲಿ 2.2 ಬಾರಿಗೆ ಇಳಿಯಿತು. ಪಂಪಿನಲ್ಲಿ ಶಕ್ತಿಯೇ ಸಾಲದಿದ್ದರೆ ಮುಳ್ಳು ನಿಧಾನವಾಗಿ ಇಳಿಯಬೇಕೇ ಹೊರತು ನಡುಗಬೇಕಾಗಿಲ್ಲ. ನಡುಕ ಇದೆಯೆಂದರೆ ಪಂಪಿನ ಬಾಯಿಗೆ ದ್ರವದ ಜೊತೆ ಆವಿಯೂ ಬರುತ್ತಿದೆ ಎಂದೇ ಅರ್ಥ.

ಕಾರನ್ನು ನಿಲ್ಲಿಸಿ, ಟ್ಯಾಂಕಿಗೂ ಪಂಪಿಗೂ ನಡುವಿನ ಹೋಸಿನಲ್ಲಿ ಪೆಟ್ರೋಲ್ ತಾಳಬಲ್ಲ ಪಾರದರ್ಶಕ ಕೊಳವೆಯ ಒಂದು ತುಂಡನ್ನು ಪರೀಕ್ಷೆಗಷ್ಟೇ ಸೇರಿಸಿದಾಗ ಅನುಮಾನಕ್ಕೆ ಎಡೆ ಉಳಿಯಲಿಲ್ಲ. ಪೆಟ್ರೋಲ್ ಬಿಸಿಯಾಗಿದ್ದಾಗ ಕೊಳವೆಯ ಮೇಲ್ಬದಿಯಲ್ಲಿ ಗುಳ್ಳೆಗಳು ಸಾಲುಗಟ್ಟಿ ಪಂಪಿನ ಕಡೆಗೆ ಹರಿಯುತ್ತಿದ್ದವು. ಜೋಡಣೆಗಳಲ್ಲಿ ಗಾಳಿ ಸೋರಿಕೆ ಇರಲಿಲ್ಲ. ಪೆಟ್ರೋಲ್ ಕೊಳವೆಯೊಳಗೇ ಕುದಿಯುತ್ತಿತ್ತು.

ಕುದಿಯಲು ಮೂರು ಕಾರಣಗಳು ಒಟ್ಟಿಗೆ ಸೇರಿದ್ದವು. ಮೊದಲನೆಯದು, ಈ ಟ್ಯಾಂಕಿನಲ್ಲಿ ಪೆಟ್ರೋಲ್ ಹೊರಗೆ ಬರುವುದು ತಳದಿಂದಲ್ಲ, ನೆತ್ತಿಯಿಂದ. ಸೆಂಡರ್ ಯೂನಿಟ್ಟಿನ (ಪೆಟ್ರೋಲಿನ ಮಟ್ಟ ಅಳೆಯುವ ಸಾಧನ) ಜೊತೆಗೇ ಇಳಿಬಿಟ್ಟಿರುವ 8 ಮಿಲಿಮೀಟರಿನ ಕೊಳವೆಯ ಮೂಲಕ ಪೆಟ್ರೋಲನ್ನು ಮೇಲಕ್ಕೆ ಎಳೆದು ಆಮೇಲೆ ಕೆಳಗೆ ಇಳಿಸಬೇಕು. ಎರಡನೆಯದು, ಹಿಂದಿನವರು ಪಂಪಿನ ಮುಂಚೆ, ಅಂದರೆ ಹೀರುವ ಬದಿಯಲ್ಲಿ, 10 ಮೈಕ್ರಾನಿನ ಕಾಗದದ ಫಿಲ್ಟರನ್ನು ಹಾಕಿದ್ದರು. ಅಷ್ಟು ಸೂಕ್ಷ್ಮ ಫಿಲ್ಟರ್ ಇರಬೇಕಾದದ್ದು ಪಂಪಿನ ನಂತರ. ಪಂಪಿನ ಮುಂಚೆ 100 ಮೈಕ್ರಾನಿನ ಜಾಲರಿ ಸಾಕು. ಮೂರನೆಯದು ಸ್ವತಃ ಆ ದೊಡ್ಡ ಪಂಪು. ಅದು ಎಂಜಿನ್ನಿಗೆ ಬೇಕಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಪೆಟ್ರೋಲನ್ನು ಅದೇ ಸಪೂರ ಕೊಳವೆ ಮತ್ತು ಅದೇ ಕಾಗದದ ಮೂಲಕ ಹೀರಲು ಹೋಗಿ ಹೀರುವ ಬದಿಯ ಒತ್ತಡವನ್ನು ಇನ್ನಷ್ಟು ಕೆಳಗೆ ತಳ್ಳುತ್ತಿತ್ತು.

ಇಲ್ಲಿ ಸ್ವಲ್ಪ ಲೆಕ್ಕ ನೋಡುವುದು ಒಳ್ಳೆಯದು. ಟ್ಯಾಂಕಿನ ಆಳ ಒಂದು ಗೇಣು. ಅಷ್ಟು ಎತ್ತರಕ್ಕೆ ಪೆಟ್ರೋಲ್ ಏರಿಸಲು ಬೇಕಾಗುವುದು 2 ಕಿಲೋಪಾಸ್ಕಲಿಗಿಂತಲೂ ಕಡಿಮೆ ಒತ್ತಡ. ನೋಡಲು ಇದು ಏನೂ ಅಲ್ಲ. ಆದರೆ ಹಲವು ದೇಶಗಳ ಬೇಸಿಗೆ ಪೆಟ್ರೋಲಿನ ಆವಿ ಒತ್ತಡಕ್ಕೆ (ಸುತ್ತಲಿನ ಒತ್ತಡ ಇದಕ್ಕಿಂತ ಕೆಳಗಿಳಿದರೆ ಪೆಟ್ರೋಲ್ ಕುದಿಯುತ್ತದೆ) 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 60 ಕಿಲೋಪಾಸ್ಕಲಿನ ಮಿತಿ ಇದೆ. ಉಷ್ಣಾಂಶ ಏರಿದಂತೆ ಆವಿ ಒತ್ತಡವೂ ವೇಗವಾಗಿ ಏರುತ್ತದೆ. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ 101 ಕಿಲೋಪಾಸ್ಕಲ್, 2,000 ಮೀಟರ್ ಎತ್ತರದಲ್ಲಿ 80ರ ಆಸುಪಾಸು. ವಾತಾವರಣದ ಒತ್ತಡಕ್ಕೂ ಆವಿ ಒತ್ತಡಕ್ಕೂ ನಡುವಿನ ಅಂತರವೇ ಹೀರುವ ಬದಿಗೆ ಸಿಗುವ ಅವಕಾಶ. ಬಿಸಿ ಪೆಟ್ರೋಲಿನೊಂದಿಗೆ ಬೆಟ್ಟ ಹತ್ತುವಾಗ ಈ ಅವಕಾಶ ಕೆಲವೇ ಕಿಲೋಪಾಸ್ಕಲಿಗೆ ಕುಗ್ಗುತ್ತದೆ, ಒಂದು ಕಟ್ಟಿಕೊಂಡ ಫಿಲ್ಟರೇ ಅಷ್ಟನ್ನೂ ನುಂಗಿಬಿಡಬಲ್ಲದು. ಇಂಜೆಕ್ಷನ್ನಿನ ವಿದ್ಯುತ್ ಪಂಪುಗಳು ತಳ್ಳುವುದರಲ್ಲಿ ಗಟ್ಟಿ, ಹೀರುವುದರಲ್ಲಿ ದುರ್ಬಲ. ಇನ್‌ಲೈನ್ ಪಂಪನ್ನು ಟ್ಯಾಂಕಿನ ತಳಕ್ಕಿಂತ ಕೆಳಗೆ, ಪೆಟ್ರೋಲ್ ತಾನಾಗಿ ಹರಿದು ಬರುವಂತೆ ಕೂರಿಸಬೇಕೆಂದು ತಯಾರಕರು ಹೇಳುವುದು ಇದೇ ಕಾರಣಕ್ಕೆ. 1967ರಲ್ಲಿ ಫೋಕ್ಸ್‌ವ್ಯಾಗನ್ 1600ರ ಮೂಲಕ ಬಂದ ಬಾಷ್ ಡಿ-ಜೆಟ್ರಾನಿಕ್ ವ್ಯವಸ್ಥೆಯಲ್ಲೂ ಪಂಪು ಟ್ಯಾಂಕಿನ ಹೊರಗೇ ಇತ್ತು. ಹೊರಗಿನ ಪಂಪು ತನ್ನಷ್ಟಕ್ಕೆ ತಪ್ಪಲ್ಲ. ನೆತ್ತಿಯಿಂದ ಹೀರಬೇಕಾದ ಟ್ಯಾಂಕಿಗೆ ಅದು ಹೊಂದುವುದಿಲ್ಲ, ಅಷ್ಟೆ.

ವಿದ್ಯುತ್ತಿನ ಕಡೆಯೂ ದೋಷವಿತ್ತು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.9 ವೋಲ್ಟ್ ಇದ್ದರೆ ಪಂಪಿನ ಟರ್ಮಿನಲ್ಲಿನಲ್ಲಿ 11.4 ಮಾತ್ರ ಇತ್ತು. ರಿಲೇ (ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹಾಯಿಸುವ ಸ್ವಿಚ್ಚು) ಹಾಕದೆ, ಇಗ್ನಿಷನ್ ಸ್ವಿಚ್ಚಿನಿಂದ ನೇರವಾಗಿ ಒಂದು ತೆಳುವಾದ ತಂತಿಯನ್ನು ಹಿಂದಕ್ಕೆ ಎಳೆಯಲಾಗಿತ್ತು. ತಾಮ್ರದ 1 ಚದರ ಮಿಲಿಮೀಟರ್ ತಂತಿ ನಾಲ್ಕೂವರೆ ಮೀಟರ್ ಉದ್ದಕ್ಕೆ 8 ಆಂಪಿಯರ್ ಹೊತ್ತರೆ ಅದರಲ್ಲೇ 0.6 ವೋಲ್ಟ್ ಕಳೆದುಹೋಗುತ್ತದೆ. ಉಳಿದದ್ದು ಸವೆದ ಸ್ವಿಚ್ಚಿನ ಕಾಂಟ್ಯಾಕ್ಟಿನಲ್ಲಿ ಮತ್ತು ಡಿಕ್ಕಿಯ ಮೂಲೆಯಲ್ಲಿ ತುಕ್ಕಿನ ಮೇಲೇ ಬಿಗಿದಿದ್ದ ಅರ್ಥ್ ಬೋಲ್ಟಿನಲ್ಲಿ ಸೋರಿಹೋಗುತ್ತಿತ್ತು. ರಿಲೇ, ಬ್ಯಾಟರಿಯಿಂದ ಫ್ಯೂಸಿನ ಮೂಲಕ 4 ಚದರ ಮಿಲಿಮೀಟರಿನ ತಂತಿ, ಉಜ್ಜಿ ಶುಚಿಗೊಳಿಸಿದ ಲೋಹದ ಮೇಲೆ ಹೊಸ ಅರ್ಥ್ – ಇಷ್ಟಾದ ಮೇಲೆ ಪಂಪಿಗೆ 13.5 ವೋಲ್ಟ್ ಸಿಕ್ಕಿತು. ಕುತೂಹಲದ ಸಂಗತಿಯೆಂದರೆ, ಇದರಿಂದ ಕೀರಲು ಸದ್ದು ಇನ್ನೂ ಬೇಗ ಶುರುವಾಗತೊಡಗಿತು. ಪೂರ್ಣ ವೋಲ್ಟೇಜ್ ಸಿಕ್ಕ ಪಂಪು ಇನ್ನಷ್ಟು ಜೋರಾಗಿ ಹೀರುತ್ತಿತ್ತು. ಹೀರುವ ಬದಿಯ ಫಿಲ್ಟರನ್ನು ಜಾಲರಿಗೆ ಬದಲಿಸಿದಾಗ ತೊಂದರೆ ತುಸು ತಗ್ಗಿತೇ ಹೊರತು ಬಿಸಿಲಿನಲ್ಲಿ ಮತ್ತೆ ಮರುಕಳಿಸಿತು. ತಿರುವಿನಲ್ಲಿ ಎಂಜಿನ್ ಸಾಯುವುದಂತೂ ಹಾಗೆಯೇ ಉಳಿಯಿತು, ಏಕೆಂದರೆ ಅದಕ್ಕೆ ಕಾರಣ ಬೇರೆ: ಅಗಲವಾದ ಈ ಟ್ಯಾಂಕಿನೊಳಗೆ ಒಂದೂ ತಡೆಗೋಡೆ ಇಲ್ಲ, ಪೆಟ್ರೋಲ್ ಕಡಿಮೆಯಿದ್ದಾಗ ಅದೆಲ್ಲ ಒಂದು ಮೂಲೆಗೆ ಹರಿದು ಹೀರುವ ಕೊಳವೆಯ ತುದಿ ಬರಿದಾಗುತ್ತಿತ್ತು.

ಎಷ್ಟು ಪೆಟ್ರೋಲ್ ಬೇಕು?

ಈ ಎಂಜಿನ್ ಹೆಚ್ಚೆಂದರೆ 150 ಅಶ್ವಶಕ್ತಿ ಕೊಡುತ್ತದೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿಗೆ ಪೂರ್ಣ ಭಾರದಲ್ಲಿ ಪ್ರತಿ ಅಶ್ವಶಕ್ತಿಗೆ ಗಂಟೆಗೆ ಸುಮಾರು 227 ಗ್ರಾಂ ಪೆಟ್ರೋಲ್ ಬೇಕೆಂದು ಹಿಡಿಯುವುದು ವಾಡಿಕೆ. ಆ ಲೆಕ್ಕದಲ್ಲಿ ಗಂಟೆಗೆ 34 ಕಿಲೋ, ಅಂದರೆ ಸುಮಾರು 46 ಲೀಟರ್. ಇದಕ್ಕೆ ಶೇಕಡಾ 30ರಷ್ಟು ಹೆಚ್ಚುವರಿ ಸೇರಿಸಿದರೆ 60 ಲೀಟರ್. ಪಂಪು ಸವೆಯುವುದು, ವೋಲ್ಟೇಜ್ ಇಳಿಯುವುದು, ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಅದೇ ಶಕ್ತಿಗೆ ತುಸು ಹೆಚ್ಚು ದ್ರವ ಬೇಕಾಗುವುದು ಇವೆಲ್ಲವನ್ನೂ ಉದಾರವಾಗಿ ಪರಿಗಣಿಸಿದರೂ 3 ಬಾರ್ ಒತ್ತಡದಲ್ಲಿ ಗಂಟೆಗೆ 120 ಲೀಟರ್ ಕೊಡುವ ಸಾಧಾರಣ ಪಂಪು ಧಾರಾಳವಾಗಿ ಸಾಕು. ಇಲ್ಲಿ "3 ಬಾರ್ ಒತ್ತಡದಲ್ಲಿ" ಎಂಬುದೇ ಮುಖ್ಯ ಮಾತು. ಒತ್ತಡ ಏರಿದಂತೆ ಪಂಪಿನ ಹರಿವು ಇಳಿಯುತ್ತದೆ. ಒತ್ತಡವನ್ನೂ ವೋಲ್ಟೇಜನ್ನೂ ಹೇಳದ ಲೀಟರ್ ಸಂಖ್ಯೆಯಿಂದ ಆಯ್ಕೆಗೆ ಏನೂ ಪ್ರಯೋಜನವಿಲ್ಲ.

ದೊಡ್ಡ ಪಂಪಿದ್ದರೆ ಒಳ್ಳೆಯದೇ ತಾನೇ, ಹೆಚ್ಚಾದದ್ದು ಟ್ಯಾಂಕಿಗೆ ಮರಳುತ್ತದೆ ಎಂಬ ವಾದ ಸಾಮಾನ್ಯವಾಗಿ ಕೇಳಿಬರುತ್ತದೆ. ಈ ಕಾರಿನಲ್ಲಿ ಆ ವಾದಕ್ಕೆ ಲೆಕ್ಕವೇ ಉತ್ತರ ಕೊಡುತ್ತದೆ. ಎಂಜಿನ್ ಐಡಲಿನಲ್ಲಿ (ಕಾರು ನಿಂತಲ್ಲೇ ನಿಧಾನವಾಗಿ ತಿರುಗುತ್ತಿರುವಾಗ) ಗಂಟೆಗೆ ಒಂದೆರಡು ಲೀಟರ್ ಸುಡುತ್ತದೆ, ಉಳಿದ 250 ಲೀಟರಿನಷ್ಟೂ ಬಾನೆಟ್ಟಿನಡಿಯ ಬಿಸಿಯನ್ನು ಹೊತ್ತು ಟ್ಯಾಂಕಿಗೆ ವಾಪಸಾಗುತ್ತದೆ. ಟ್ಯಾಂಕಿನಲ್ಲಿ ಉಳಿದಿರುವುದು 14 ಲೀಟರ್ ಎಂದುಕೊಂಡರೆ, ಅಷ್ಟೂ ಪೆಟ್ರೋಲ್ ಮೂರೂವರೆ ನಿಮಿಷಕ್ಕೊಮ್ಮೆ ಎಂಜಿನ್ನಿನ ಹತ್ತಿರ ಹೋಗಿ ಬಿಸಿಯಾಗಿ ಬರುತ್ತದೆ. ಒಂದು ಗಂಟೆಯ ನಂತರವೇ ತೊಂದರೆ ಶುರುವಾಗುತ್ತಿದ್ದುದರ ಗುಟ್ಟು ಇದು. ದೊಡ್ಡ ಪಂಪು ತಾನು ಹೀರಬೇಕಾದ ಪೆಟ್ರೋಲನ್ನು ತಾನೇ ಕಾಯಿಸಿಕೊಳ್ಳುತ್ತಿತ್ತು.

ಮುಂದಿದ್ದ ದಾರಿಗಳು

ಇನ್‌ಲೈನ್ ಪಂಪನ್ನೇ ಉಳಿಸಿಕೊಂಡು ಟ್ಯಾಂಕಿನ ತಳಕ್ಕೆ ಹೊಸ ಹೊರದಾರಿ ಬೆಸೆಯುವುದು ಎಲ್ಲಕ್ಕಿಂತ ಸುಲಭದ ದಾರಿ. ಹೀರುವ ಸಮಸ್ಯೆ ಅದರಿಂದ ಮುಕ್ಕಾಲುಪಾಲು ಬಗೆಹರಿಯುತ್ತಿತ್ತು. ಆದರೆ ತಿರುವಿನ ಸಮಸ್ಯೆ ಉಳಿಯುತ್ತಿತ್ತು, ಅಲ್ಲದೆ ನೆಲಕ್ಕೆ ಅತ್ಯಂತ ಸಮೀಪದಲ್ಲಿ, ಕಲ್ಲು ತಗಲುವ ಜಾಗದಲ್ಲಿ, ಟ್ಯಾಂಕಿನ ಅಷ್ಟೂ ಪೆಟ್ರೋಲನ್ನು ಒಂದು ಹೋಸಿನ ಮೇಲೆ ನಿಲ್ಲಿಸಿದಂತಾಗುತ್ತಿತ್ತು. ಇದನ್ನು ನಾವು ಹೆಚ್ಚು ಚರ್ಚಿಸಲಿಲ್ಲ.

ಸರ್ಜ್ ಟ್ಯಾಂಕ್ ಗಂಭೀರವಾಗಿ ಪರಿಗಣಿಸಬೇಕಾದ ದಾರಿಯಾಗಿತ್ತು. ಹಳೆಯ ಟ್ಯಾಂಕಿನಿಂದ ಕಡಿಮೆ ಒತ್ತಡದ ಒಂದು ಪಂಪು ಪೆಟ್ರೋಲನ್ನು ಎಳೆದು ಒಂದೆರಡು ಲೀಟರಿನ ಚಿಕ್ಕ ಡಬ್ಬಿಯನ್ನು ಸದಾ ತುಂಬಿಡುತ್ತದೆ. ಅಧಿಕ ಒತ್ತಡದ ಪಂಪು ಆ ಡಬ್ಬಿಯ ತಳದಿಂದ ಪೆಟ್ರೋಲ್ ತೆಗೆದುಕೊಳ್ಳುತ್ತದೆ. ತಿರುವಿನಲ್ಲಿ ಮೊದಲ ಪಂಪು ಗಾಳಿ ಎಳೆದರೂ ಎರಡನೆಯದಕ್ಕೆ ಅದರ ಬಾಧೆಯಿಲ್ಲ. ಮೂಲ ಟ್ಯಾಂಕನ್ನು ಮುಟ್ಟಬೇಕಾಗಿಲ್ಲ ಎಂಬುದು ಮಾಲೀಕರಿಗೆ ಹಿಡಿಸಿತ್ತು. ರೇಸಿಗೆ ಇದು ಒಳ್ಳೆಯ ವ್ಯವಸ್ಥೆ. ದಿನಬಳಕೆಯ ಕಾರಿನಲ್ಲಿ ಮಾತ್ರ ನನಗೆ ಇದರ ಮೇಲೆ ಒಲವಿಲ್ಲ. ಈ ಕಾರಿನಲ್ಲಿ ಡಬ್ಬಿಗೆ ಸಿಗುತ್ತಿದ್ದ ಜಾಗ ಡಿಕ್ಕಿಯೊಂದೇ, ಹಿಂದಿನ ಸೀಟಿಗೂ ಡಿಕ್ಕಿಗೂ ನಡುವೆ ಇದ್ದದ್ದು ರಟ್ಟಿನ ಮರೆ. ಎರಡು ಪಂಪು, ಎರಡು ಪಟ್ಟು ಜೋಡಣೆ, ಪ್ರಯಾಣಿಕರ ಬೆನ್ನ ಹಿಂದೆ 3 ಬಾರ್ ಒತ್ತಡದ ಪೆಟ್ರೋಲ್; ಎಂದೋ ಒಂದು ಕ್ಲಾಂಪ್ ಸಡಿಲವಾದರೆ ಆವಿ ನೇರವಾಗಿ ಜನ ಕೂರುವಲ್ಲಿಗೇ ಬರುತ್ತದೆ.

ಉಳಿದದ್ದು ಟ್ಯಾಂಕಿನ ಒಳಗೇ ಪಂಪನ್ನು ಇಳಿಸುವ ದಾರಿ. ಪೆಟ್ರೋಲಿನೊಳಗೆ ವಿದ್ಯುತ್ ಮೋಟರು ಎಂದರೆ ಮೊದಲ ಬಾರಿ ಕೇಳುವವರು ಗಾಬರಿಯಾಗುವುದು ಸಹಜ. ದ್ರವದಲ್ಲಿ ಮುಳುಗಿರುವ ಪಂಪಿಗೆ ಉರಿಯಲು ಬೇಕಾದ ಆಮ್ಲಜನಕ ಸಿಗುವುದಿಲ್ಲ, ಮೇಲಿನ ಖಾಲಿ ಜಾಗದಲ್ಲೂ ಸಾಮಾನ್ಯವಾಗಿ ಆವಿಯ ಪ್ರಮಾಣ ಉರಿಯಲಾರದಷ್ಟು ದಟ್ಟವಾಗಿರುತ್ತದೆ. ಇಂದಿನ ಬಹುಪಾಲು ಪೆಟ್ರೋಲ್ ಕಾರುಗಳು ಹೀಗೆಯೇ ಓಡುತ್ತಿವೆ. ಸುತ್ತಲಿನ ಪೆಟ್ರೋಲೇ ಪಂಪನ್ನು ತಂಪಾಗಿಡುತ್ತದೆ, ಸದ್ದನ್ನೂ ಅಡಗಿಸುತ್ತದೆ. ಹೀರುವ ಬದಿ ಎಂಬುದು ಇಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಚಿಕ್ಕದು. ಮೂಲ ಟ್ಯಾಂಕನ್ನು ಕತ್ತರಿಸಲು ಮಾಲೀಕರಿಗೆ ಮನಸ್ಸಿರಲಿಲ್ಲ. ಅದೇ ಮಾದರಿಯ ಇನ್ನೊಂದು ಹಳೆಯ ಟ್ಯಾಂಕ್ ಸಿಕ್ಕಿದ್ದರಿಂದ ಆ ತೊಡಕು ಕಳೆಯಿತು. ಮೂಲ ಟ್ಯಾಂಕನ್ನು ಒಣಗಿಸಿ, ಬಾಯಿ ಮುಚ್ಚಿ, ಎತ್ತಿಡಲಾಯಿತು.

ಜೋಡಣೆ

ಟ್ಯಾಂಕನ್ನು ಕತ್ತರಿಸುವ ಕೆಲಸದಲ್ಲಿ ಮೈಮರೆಯುವಂತಿಲ್ಲ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಹೆಚ್ಚು ಅಪಾಯಕಾರಿ, ಏಕೆಂದರೆ ಗಾಳಿ ಮತ್ತು ಆವಿ ಸ್ಫೋಟಕ್ಕೆ ತಕ್ಕ ಪ್ರಮಾಣದಲ್ಲಿ ಬೆರೆಯುವುದು ಅಲ್ಲಿಯೇ. ವರ್ಷಗಟ್ಟಲೆ ಬಿಸಿಲಿಗೆ ಬಿದ್ದ ಟ್ಯಾಂಕಿನ ತುಕ್ಕಿನ ಪದರದಿಂದಲೂ ಆವಿ ಏಳಬಲ್ಲದು. ಟ್ಯಾಂಕನ್ನು ಬಿಸಿ ಹಬೆಯಲ್ಲಿ ತೊಳೆಸಿ, ಕತ್ತರಿಸುವ ಜಾಗದವರೆಗೂ ನೀರು ತುಂಬಿಸಿ, ಕಿಡಿ ಹಾರದ ಕೈ ಉಪಕರಣದಿಂದಲೇ ನೆತ್ತಿಯಲ್ಲಿ ರಂಧ್ರ ಮಾಡಲಾಯಿತು. ಬೆಸುಗೆ ಇರಲಿಲ್ಲ, ಒಳಗಿನಿಂದ ಉಂಗುರ, ಹೊರಗಿನಿಂದ ಮುಚ್ಚಳ, ನಡುವೆ ಪೆಟ್ರೋಲ್ ತಾಳುವ ಗ್ಯಾಸ್ಕೆಟ್, ಸುತ್ತಲೂ ಬೋಲ್ಟು.

ಗಂಟೆಗೆ 120 ಲೀಟರಿನ ಹೊಸ ಪಂಪನ್ನು ಹಾಗೆಯೇ ಇಳಿಬಿಡದೆ, ತೊಟ್ಟಿಯೊಳಗೆ ಬಿಂದಿಗೆ ಮುಳುಗಿಸಿಟ್ಟಂತೆ, ಸುಮಾರು 1 ಲೀಟರ್ ಹಿಡಿಯುವ ಪಾತ್ರೆಯೊಳಗೆ ಕೂರಿಸಲಾಯಿತು. ಪಾತ್ರೆಯ ತಳದಲ್ಲಿ ಒಳಮುಖವಾಗಿ ಮಾತ್ರ ತೆರೆಯುವ ರಬ್ಬರ್ ವಾಲ್ವ್ ಇದೆ. ರೆಗ್ಯುಲೇಟರಿನಿಂದ (ಒತ್ತಡವನ್ನು 3 ಬಾರಿನಲ್ಲಿ ಹಿಡಿದಿಟ್ಟು ಹೆಚ್ಚಾದದ್ದನ್ನು ವಾಪಸು ಬಿಡುವ ಸಾಧನ) ಮರಳುವ ಪೆಟ್ರೋಲ್ ಎಲ್ಲಿ ಬೀಳುತ್ತದೆ ಎಂಬುದು ಇಲ್ಲಿ ನಿರ್ಣಾಯಕ. ಅದು ಟ್ಯಾಂಕಿನ ಇನ್ನೊಂದು ಮೂಲೆಗೆ ಬೀಳುವುದಾದರೆ, ತಿರುವಿನಲ್ಲಿ ಗಂಟೆಗೆ 120 ಲೀಟರಿನ ಪಂಪು ಈ ಪಾತ್ರೆಯನ್ನು ಅರ್ಧ ನಿಮಿಷದಲ್ಲಿ ಬರಿದು ಮಾಡುತ್ತದೆ. 255 ಲೀಟರಿನದಾದರೆ 14 ಸೆಕೆಂಡಿನಲ್ಲಿ. ಅದು ಪಾತ್ರೆಗೇ ಬೀಳುವುದಾದರೆ ಹೊರಹೋಗುವುದು ಎಂಜಿನ್ ಸುಡುವಷ್ಟು ಮಾತ್ರ, ಪೂರ್ಣ ಭಾರದಲ್ಲಿ ಸೆಕೆಂಡಿಗೆ 13 ಮಿಲಿಲೀಟರ್. ಒಂದು ಲೀಟರ್ ಒಂದು ನಿಮಿಷಕ್ಕೂ ಹೆಚ್ಚು ಬರುತ್ತದೆ. ಅಷ್ಟು ಉದ್ದದ ತಿರುವು ಯಾವ ರಸ್ತೆಯಲ್ಲೂ ಇರುವುದಿಲ್ಲ.

ರೆಗ್ಯುಲೇಟರನ್ನು ಎಂಜಿನ್ನಿನ ಬಳಿ ಇಡದೆ ಟ್ಯಾಂಕಿನ ಪಕ್ಕದಲ್ಲೇ ಇಡಲಾಯಿತು. ಇದರಿಂದ ಮುಂದಕ್ಕೆ ಹೋಗುವುದು ಎಂಜಿನ್ನಿಗೆ ಬೇಕಾದಷ್ಟೇ, ಬಾನೆಟ್ಟಿನ ಬಿಸಿ ಟ್ಯಾಂಕಿಗೆ ಮರಳುವುದಿಲ್ಲ, ಕಾರಿನುದ್ದಕ್ಕೂ ಎರಡನೆಯ ಪೈಪ್ ಎಳೆಯುವ ಗೋಜೂ ಇಲ್ಲ. ಇದಕ್ಕೊಂದು ಬೆಲೆ ತೆರಬೇಕು: ಇನ್‌ಟೇಕ್ ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಗಾಳಿ ಒಯ್ಯುವ ಕೊಳವೆ) ನಿರ್ವಾತವನ್ನು ಅನುಸರಿಸಿ ಒತ್ತಡ ಬದಲಾಗುವುದಿಲ್ಲ. ಐಡಲಿನಲ್ಲಿ ಮ್ಯಾನಿಫೋಲ್ಡ್ ವಾತಾವರಣಕ್ಕಿಂತ 0.6 ಬಾರ್ ಕೆಳಗಿದ್ದರೆ ಇಂಜೆಕ್ಟರಿನ ಎರಡು ತುದಿಗಳ ನಡುವಿನ ವ್ಯತ್ಯಾಸ 3.6 ಬಾರ್ ಆಗುತ್ತದೆ, ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುವುದರಿಂದ ಶೇಕಡಾ 9ರಿಂದ 10ರಷ್ಟು ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಇಲ್ಲಿದ್ದ ಇಸಿಯುಗೆ ಮ್ಯಾನಿಫೋಲ್ಡ್ ಒತ್ತಡದ ಸೆನ್ಸರ್ ಇದ್ದು, ಈ ತಿದ್ದುಪಡಿಯನ್ನು ಸಾಫ್ಟ್‌ವೇರಿನಲ್ಲೇ ಮಾಡಲು ಅವಕಾಶವಿತ್ತು. ಆ ಅವಕಾಶವಿಲ್ಲದ ಇಸಿಯು ಆಗಿದ್ದರೆ ರೆಗ್ಯುಲೇಟರ್ ಎಂಜಿನ್ನಿನ ಬಳಿಯೇ ಇರಲಿ ಎನ್ನುತ್ತಿದ್ದೆ.

ಹೋಸುಗಳ ಮೇಲಿನ ಅಚ್ಚನ್ನು ಓದಿದಾಗ ಇನ್ನೊಂದು ಸಂಗತಿ ಬೆಳಕಿಗೆ ಬಂತು: ಹಿಂದಿನ ಜೋಡಣೆಯಲ್ಲಿ ಬಳಸಿದ್ದು ಕಾರ್ಬುರೇಟರಿಗೆ ಹೊಂದುವ ಎಸ್‌ಎಇ (ವಾಹನ ಎಂಜಿನಿಯರುಗಳ ಸಂಘ) ಮಾನದಂಡದ 30ಆರ್7 ದರ್ಜೆಯ ಹೋಸು. ಇಂಜೆಕ್ಷನ್ನಿಗೆ 30ಆರ್9 ದರ್ಜೆ ಬೇಕು, ಟ್ಯಾಂಕಿನೊಳಗೆ ಮುಳುಗಿರುವ ತುಂಡಿಗೆ 30ಆರ್10. ಹೊರಗೆ ಎಷ್ಟೇ ಗಟ್ಟಿಯಾಗಿರುವ ಹೋಸಾದರೂ ಹೊರಮೈ ಪೆಟ್ರೋಲಿನಲ್ಲಿ ನೆನೆಯುವುದಕ್ಕೆ ತಯಾರಾಗಿಲ್ಲದಿದ್ದರೆ ಒಳಗೆ ಮೆತ್ತಗಾಗಿ ಸೀಳುತ್ತದೆ. ಎಲ್ಲವನ್ನೂ ಬದಲಿಸಿ, ರಬ್ಬರನ್ನು ಕೊರೆಯದ ಮಡಿಚಿದ ಅಂಚಿನ ಇಂಜೆಕ್ಷನ್ ಕ್ಲಾಂಪುಗಳನ್ನು ಹಾಕಿ, ಮುಂದಕ್ಕೆ ಹೊಸ ಉಕ್ಕಿನ ಪೈಪನ್ನು ಎಳೆಯಲಾಯಿತು. ಹಳೆಯ ಪೈಪನ್ನು ಎರಡೂ ತುದಿ ಮುಚ್ಚಿ ಇದ್ದಲ್ಲೇ ಬಿಡಲಾಯಿತು. ಯಾಂತ್ರಿಕ ಪಂಪನ್ನು ಕಳಚಿ ಆ ಜಾಗಕ್ಕೆ ತಗಡಿನ ಮುಚ್ಚಳ ಬಿಗಿಯಲಾಯಿತು.

ರಿಲೇಯನ್ನು ಈಗ ಇಸಿಯು ನಡೆಸುತ್ತದೆ. ಕೀ ತಿರುಗಿಸಿದಾಗ ಪಂಪು ಎರಡು ಸೆಕೆಂಡು ಓಡಿ ನಿಲ್ಲುತ್ತದೆ, ಎಂಜಿನ್ ತಿರುಗುತ್ತಿರುವ ಸಂಕೇತ ಬಂದರೆ ಮಾತ್ರ ಮತ್ತೆ ಓಡುತ್ತದೆ. ಎಂಜಿನ್ ನಿಂತರೆ ಯಾಂತ್ರಿಕ ಪಂಪು ತಾನಾಗಿಯೇ ನಿಲ್ಲುತ್ತಿತ್ತು. ಇಗ್ನಿಷನ್ನಿಗೆ ನೇರವಾಗಿ ಕಟ್ಟಿದ ವಿದ್ಯುತ್ ಪಂಪಿಗೆ ಆ ಗುಣವಿಲ್ಲ, ಅಪಘಾತದಲ್ಲಿ ಪೈಪ್ ಹರಿದರೂ ಅದು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಡಿಕ್ಕಿ ಹೊಡೆದಾಗ ಪಂಪಿನ ವಿದ್ಯುತ್ ಕಡಿಯುವ ಇನರ್ಷಿಯಾ ಸ್ವಿಚ್ಚನ್ನೂ ಇದರ ಜೊತೆಗೆ ಹಾಕಲಾಯಿತು.

ಫಲಿತಾಂಶ

ರೆಗ್ಯುಲೇಟರಿನಿಂದ ಪೆಟ್ರೋಲ್ ಮರಳುವ ಕೊಳವೆಯನ್ನು ಅಳತೆಯ ಕ್ಯಾನಿಗೆ ತಿರುಗಿಸಿ ಅರ್ಧ ನಿಮಿಷ ಪಂಪು ಓಡಿಸಿದಾಗ, 3 ಬಾರಿನಲ್ಲಿ 1 ಲೀಟರಿಗೆ ತುಸು ಕಡಿಮೆ ಬಂತು. ನಮೂದಿಸಿದ ಹರಿವಿಗೆ ಅದು ಹತ್ತಿರವೇ ಇದೆ, ಬೇಕಾದ್ದಕ್ಕಿಂತ ಬಹಳ ಹೆಚ್ಚಿದೆ. ಬಿಸಿಲಿನಲ್ಲಿ ಹಿಂದಿನ ಅದೇ ಏರುದಾರಿಯಲ್ಲಿ ಗೇಜಿನ ಮುಳ್ಳು 3 ಬಾರ್ ಬಿಟ್ಟು ಕದಲಲಿಲ್ಲ. ಟ್ಯಾಂಕಿನಲ್ಲಿ ಐದಾರು ಲೀಟರ್ ಮಾತ್ರ ಇಟ್ಟುಕೊಂಡು ಉದ್ದನೆಯ ತಿರುವುಗಳನ್ನು ಹಾಯಿಸಿದಾಗಲೂ ಎಂಜಿನ್ ತಡವರಿಸಲಿಲ್ಲ. ಪಂಪಿನ ಸದ್ದು ಕೇಳಿಸುವುದು ಕೀ ತಿರುಗಿಸಿದ ಆ ಎರಡು ಸೆಕೆಂಡು ಮಾತ್ರ.

ಎರಡು ವಿಷಯಗಳು ಪೂರ್ತಿ ತೃಪ್ತಿ ಕೊಡಲಿಲ್ಲ. ಪಾತ್ರೆಯಲ್ಲಿ ನಿಲ್ಲುವ ಪೆಟ್ರೋಲನ್ನು ಸೆಂಡರಿನ ಫ್ಲೋಟ್ ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ, ಡ್ಯಾಶ್‌ಬೋರ್ಡಿನ ಮುಳ್ಳು ಕೊನೆಯ ಕಾಲುಭಾಗದಲ್ಲಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ತಪ್ಪು ಸುರಕ್ಷಿತ ಬದಿಗೇ ಇರುವುದರಿಂದ ಅದನ್ನು ಹಾಗೆಯೇ ಬಿಡಲಾಗಿದೆ. ಇನ್ನೊಂದು, ಹಬೆಯಲ್ಲಿ ತೊಳೆಸಿದ್ದರೂ ಹಳೆಯ ಟ್ಯಾಂಕಿನ ತುಕ್ಕು ಪೂರ್ತಿ ಹೋಗುವುದಿಲ್ಲ. ಎಥನಾಲ್ ಬೆರೆತ ಪೆಟ್ರೋಲ್ ಅಂಟಿಕೊಂಡ ಪದರಗಳನ್ನು ಮೆಲ್ಲಗೆ ಬಿಡಿಸುತ್ತದೆ. ಮೊದಲ ಸಾವಿರ ಕಿಲೋಮೀಟರ್ ಆದ ಮೇಲೆ ಮುಚ್ಚಳ ತೆಗೆದು ಪಂಪಿನ ತಳದ ಜಾಲರಿಚೀಲವನ್ನು ನೋಡಬೇಕು, ಪಂಪಿನ ನಂತರ ಇರುವ 10 ಮೈಕ್ರಾನಿನ ಫಿಲ್ಟರನ್ನು ಬದಲಿಸಬೇಕು ಎಂದು ಮಾಲೀಕರಿಗೆ ಬರೆದುಕೊಡಲಾಗಿದೆ. ಅದಕ್ಕೆ ಟ್ಯಾಂಕನ್ನು ಇಳಿಸುವ ಅಗತ್ಯ ಬರದಂತೆ, ಡಿಕ್ಕಿಯ ನೆಲದಲ್ಲಿ ಪಂಪಿನ ನೇರಕ್ಕೆ ಒಂದು ಮುಚ್ಚಳವನ್ನು ಕೆಲಸದ ಜೊತೆಯಲ್ಲೇ ಮಾಡಿಡಲಾಯಿತು.